ನೆಟ್‌ವರ್ಕಿನ ತಪ್ಪಲ್ಲ ಕಾಕಾ, ಡೇಟಾ ತಿನ್ನೋರು ಬೇರೆ ಇದ್ದಾರೆ

ರಾತ್ರಿ ಒಂಬತ್ತು ಗಂಟೆ. ಮರುದಿನ ಬ್ಯಾಡಗಿ ಮಾರುಕಟ್ಟೆ. ಅಂಗಳದಲ್ಲಿ ಮೆಣಸಿನಕಾಯಿ ಚೀಲಗಳು ಹೊಲಿದು ನಿಂತಿವೆ. ಗಾಡಿಯವನು ಎರಡು ಸಲ ಫೋನ್ ಮಾಡಿ, "ಹೇರೂದೋ ಬ್ಯಾಡೋ, ಈಗ ಹೇಳಿಬಿಡ್ರಿ" ಅಂದಿದ್ದಾನೆ. ನಮ್ಮ ಕಾಕಾ ಕಟ್ಟೆಯ ಮೇಲೆ ಕೂತು ಹಿಂದಿನ ಮಾರುಕಟ್ಟೆಯ ದರ ಹುಡುಕುತ್ತಿದ್ದಾರೆ. ಡಬ್ಬಿ ಎಷ್ಟು, ಕಡ್ಡಿ ಎಷ್ಟು. ಬೇಕಾಗಿರುವುದು ಎರಡೇ ಅಂಕಿ.

ದರದ ಪುಟ ತೆರೆಯಿತು. ಪಟ್ಟಿಯ ಮೊದಲ ಸಾಲು ಕಂಡಿತು. ಅಷ್ಟರಲ್ಲಿ ಇಡೀ ಪರದೆ ಮಬ್ಬಾಗಿ, ನಡುವೆ ಒಂದು ಬಿಳಿ ಪೆಟ್ಟಿಗೆ ಎದ್ದು ನಿಂತಿತು. ಪೆಟ್ಟಿಗೆಯೊಳಗೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ನಗುವ ರೈತನೊಬ್ಬನ ಫೋಟೋ ಪಟ್ಟಿಪಟ್ಟಿಯಾಗಿ ಮೇಲಿಂದ ಕೆಳಗಿಳಿಯಿತು. ಅದರ ಕೆಳಗೆ, "ನಮ್ಮ ಆ್ಯಪ್ ಹಾಕಿಕೊಳ್ಳಿ." ಮುಚ್ಚುವ ಇಂಟು ಮಾರ್ಕ್ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಸಾಸಿವೆ ಕಾಳಿನಷ್ಟು ಗಾತ್ರದಲ್ಲಿ.

ಕಾಕಾ ಅದನ್ನು ಹೇಗೋ ಒತ್ತಿ ಮುಚ್ಚಿದರು. ಡಬ್ಬಿಯ ಸಾಲು ಮುಟ್ಟಿದರು. ಹೊಸ ಪುಟ ಬಂತು, ಅದರ ಹಿಂದೆಯೇ ಮತ್ತೆ ಅದೇ ಪೆಟ್ಟಿಗೆ, ಮತ್ತೆ ಅದೇ ಚಕ್ರ, ಮತ್ತೆ ಅದೇ ರೈತ, ಪಟ್ಟಿಪಟ್ಟಿಯಾಗಿ. ಎರಡು ನಿಮಿಷದ ಹಿಂದೆ ನೋಡಿದ ಅದೇ ಮುಖ!

"ನೆಟ್‌ವರ್ಕ್ ಇಲ್ಲ ಬಿಡೋ ತಮ್ಮಾ. ನನ್ನ ಫೋನೂ ಹಳೇದಾತು" ಅಂದರು ಕಾಕಾ. ಗಾಡಿಯವನಿಗೆ ಬೇಡ ಅಂದರು. ಬೆಳಿಗ್ಗೆ ಮನೆ ಬಾಗಿಲಿಗೇ ಬಂದ ವ್ಯಾಪಾರಿ ಹೇಳಿದ ದರಕ್ಕೆ ಚೀಲಗಳನ್ನು ಕೊಟ್ಟರು.

ಮಾರುಕಟ್ಟೆಗೆ ಹೋಗಿದ್ದರೆ ಹೆಚ್ಚು ಸಿಗುತ್ತಿತ್ತೋ ಕಡಿಮೆ ಸಿಗುತ್ತಿತ್ತೋ ನಾನು ಹೇಳಲಾರೆ. ಆದರೆ ದರ ಗೊತ್ತಿದ್ದವನು ಚೌಕಾಸಿ ಮಾಡುತ್ತಾನೆ, ಗೊತ್ತಿಲ್ಲದವನು ತಲೆಯಾಡಿಸುತ್ತಾನೆ. ಆ ರಾತ್ರಿ ಕಾಕಾನ ಕೈಯಿಂದ ಜಾರಿದ್ದು ಚೌಕಾಸಿ ಮಾಡುವ ಶಕ್ತಿ. ಅದನ್ನು ಕಿತ್ತುಕೊಂಡದ್ದು ಟವರ್ ಅಲ್ಲ, ಫೋನ್ ಅಲ್ಲ. ಆ ಜಾಲತಾಣ ಮಾಡಿದವರ ಸೋಮಾರಿತನ. ಇವತ್ತು ನಾನು ಅದರ ಮೇಲೆಯೇ ಜಗಳಕ್ಕೆ ಬಂದಿದ್ದೇನೆ.

ತಪ್ಪು ಯಾರದು, ಬೈಸಿಕೊಳ್ಳುವವರು ಯಾರು

ನಮ್ಮ ಹಳ್ಳಿಗಳಲ್ಲಿ ಫೋನಿನಲ್ಲಿ ಏನೇ ನಿಧಾನವಾದರೂ ಮೂರೇ ಕಾರಣ. ಒಂದು, ನೆಟ್‌ವರ್ಕ್ ಸರಿಯಿಲ್ಲ. ಎರಡು, ಫೋನ್ ಹಳೆಯದು. ಮೂರು, "ನಮಗ ಇದೆಲ್ಲಾ ತಿಳಿಯಾಂಗಿಲ್ಲ." ಮೂರನೆಯದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಮಳೆ ನೋಡಿ ಬಿತ್ತನೆ ಲೆಕ್ಕ ಹಾಕುವವರು, ಕಾಯಿ ಮುಟ್ಟಿ ತೇವ ಹೇಳುವವರು, ಒಂದು ಪೆಟ್ಟಿಗೆ ತೆರೆಯಲಿಲ್ಲವೆಂದು ತಮ್ಮನ್ನೇ ದಡ್ಡರು ಅಂದುಕೊಳ್ಳುತ್ತಾರೆ.

ನೆಟ್‌ವರ್ಕ್ ಕೆಟ್ಟಿಲ್ಲವೇ? ಕೆಟ್ಟಿದೆ. ನಮ್ಮ ಊರಿನ ಅರ್ಧ ಭಾಗಕ್ಕೆ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು. ಅದರ ಬಗ್ಗೆ ಬೇರೆ ಜಗಳ ಮಾಡೋಣ. ಆದರೆ ಅದೇ ರಾತ್ರಿ, ಅದೇ ಕಟ್ಟೆಯ ಮೇಲೆ, ಅದೇ ಫೋನಿನಲ್ಲಿ ವಾಟ್ಸ್ಆ್ಯಪ್ ಫೋಟೋ ಬರುತ್ತದೆ. ಹಾಗಿದ್ದರೆ ಎರಡು ಅಂಕಿ ಇರುವ ಪುಟಕ್ಕೆ ಏನು ಧಾಡಿ?

ಅದು ಎರಡು ಅಂಕಿಯ ಪುಟವಾಗಿ ಉಳಿದಿಲ್ಲ. ಅದರ ತಲೆಯ ಮೇಲೆ ಒಂದು ಪೆಟ್ಟಿಗೆ ಹೊರಿಸಿದ್ದಾರೆ. ಪೆಟ್ಟಿಗೆ ಮುಚ್ಚುವ ತನಕ ಹಿಂದಿನದನ್ನು ಮುಟ್ಟಲು ಬರುವುದಿಲ್ಲ. ವೆಬ್‌ಸೈಟ್ ಮಾಡುವವರು ಇದಕ್ಕೆ ಮೋಡಲ್ ಪಾಪ್‌ಅಪ್ ಅನ್ನುತ್ತಾರೆ. ಬಾಗಿಲಿಗೆ ಅಡ್ಡ ನಿಂತವನು ಅನ್ನೋಣ ನಾವು.

ಅಡ್ಡ ನಿಂತವನು ನಿಧಾನ ಯಾಕೆ

ಕಾಕಾ ಒಂದು ಸಾಲು ಮುಟ್ಟಿದಾಗ ಒಳಗೆ ಏನು ನಡೆಯುತ್ತದೆ ನೋಡಿ. ಮೊದಲು ಫೋನು ಆ ಪೆಟ್ಟಿಗೆಯನ್ನು ಹೇಗೆ ತೆರೆಯಬೇಕೆಂಬ ಸೂಚನೆಗಳ ಗಂಟನ್ನು ದೂರದ ಸರ್ವರ್‌ನಿಂದ ತರಿಸುತ್ತದೆ. ಅದು ಬಂದ ಮೇಲೆ ಒಳಗಿನ ಬರಹ ಕೇಳುತ್ತದೆ. ಬರಹ ಬಂದ ಮೇಲೆ, ಓಹೋ ಇಲ್ಲೊಂದು ಚಿತ್ರ ಬೇರೆ ಇದೆ ಎಂದು ಗೊತ್ತಾಗಿ, ಮೂರನೇ ಸಲ ಹೋಗುತ್ತದೆ. ಸಂತೆಗೆ ಹೋಗಿ ಉಪ್ಪು ತಂದು, ಮತ್ತೆ ಹೋಗಿ ಬೇಳೆ ತಂದು, ಮತ್ತೆ ಹೋಗಿ ಎಣ್ಣೆ ತಂದಂತೆ. ಪೇಟೆಯಲ್ಲಿ ಕಚೇರಿಯ ವೈಫೈ ಇದ್ದವನಿಗೆ ಅಂಗಡಿ ಎದುರು ಮನೆ. ನಮಗೆ ಪ್ರತಿ ಸಲವೂ ಆರು ಮೈಲಿ.

ಇನ್ನೂ ಇದೆ. ಹಿಂದಿನ ಪುಟವನ್ನು ಮಬ್ಬು ಮಾಡುವುದು, ಪೆಟ್ಟಿಗೆ ಜಾರಿಕೊಂಡು ಬರುವುದು, ಸುತ್ತ ನೆರಳು ಬೀಳುವುದು, ಇವೆಲ್ಲ ಅಲಂಕಾರ. ದುಬಾರಿ ಫೋನಿನಲ್ಲಿ ಅದು ಕಣ್ಣಿಗೆ ಚೆಂದ. ಎರಡು ಜಿಬಿ ರ‍್ಯಾಮ್ ಇರುವ ಕಾಕಾನ ಫೋನಿಗೆ ಅದು ಗುಡ್ಡ ಹತ್ತಿಸಿದಂತೆ. ಫೋನು ಏದುಸಿರು ಬಿಡುತ್ತಿರುವಾಗ ನೀವು ಇಂಟು ಮಾರ್ಕ್ ಒತ್ತುತ್ತೀರಿ, ಅದಕ್ಕೆ ಕೇಳಿಸುವುದಿಲ್ಲ. ಮತ್ತೆ ಒತ್ತುತ್ತೀರಿ. ಅಷ್ಟರಲ್ಲಿ ಪೆಟ್ಟಿಗೆ ಮುಚ್ಚಿ, ನಿಮ್ಮ ಎರಡನೇ ಒತ್ತು ಅದರ ಹಿಂದಿದ್ದ ಜಾಹೀರಾತಿನ ಮೇಲೆ ಬೀಳುತ್ತದೆ. ಎಲ್ಲಿಗೋ ಹೋಗಿಬಿಡುತ್ತೀರಿ. ಆಗ ಪಕ್ಕದವರು, "ಎಲ್ಲಾ ಕಡೆ ಒತ್ತಬ್ಯಾಡ" ಅಂತ ನಿಮಗೇ ಬೈಯುತ್ತಾರೆ.

ಒತ್ತಿದ ಮೇಲೆ ಪರದೆ ಎಷ್ಟು ಬೇಗ ಮಾತು ಕೇಳಬೇಕೆಂಬುದಕ್ಕೂ ಅಳತೆ ಇದೆ. ಗೂಗಲ್ 2024ರ ಮಾರ್ಚ್‌ನಿಂದ ಜಾಲತಾಣಗಳನ್ನು ಅಳೆಯುವ ಮುಖ್ಯ ಮಾನದಂಡಗಳಲ್ಲಿ ಇದನ್ನೂ ಸೇರಿಸಿದೆ. 200 ಮಿಲಿಸೆಕೆಂಡ್ ಒಳಗೆ ಪರದೆ ಸ್ಪಂದಿಸಿದರೆ ಒಳ್ಳೆಯದು, 500 ದಾಟಿದರೆ ಕೆಟ್ಟದ್ದು. ಅಂದರೆ ಅರ್ಧ ಸೆಕೆಂಡ್ ಕಾಯಿಸುವುದೇ ತಪ್ಪು. ಕಾಕಾ ಕಾದದ್ದು ನಿಮಿಷಗಟ್ಟಲೆ.

ತಂದ ಅಕ್ಕಿಯನ್ನೇ ಮತ್ತೆ ತರಿಸುವವರು

ಈಗ ಆ ನಗುವ ರೈತನ ವಿಷಯಕ್ಕೆ ಬರೋಣ. ಒಮ್ಮೆ ಬಂದ ಚಿತ್ರ ಮತ್ತೆ ಮತ್ತೆ ಯಾಕೆ ಇಳಿಯುತ್ತದೆ?

ನಿಮ್ಮ ಫೋನಿನ ಬ್ರೌಸರ್‌ನಲ್ಲಿ ಒಂದು ಉಗ್ರಾಣ ಇದೆ. ಅದರ ಹೆಸರು ಕ್ಯಾಶ್. ಒಮ್ಮೆ ತಂದ ಚಿತ್ರವನ್ನು ಅಲ್ಲಿ ಇಟ್ಟುಕೊಂಡು, ಮುಂದಿನ ಸಲ ಕೇಳಿದಾಗ ಅಲ್ಲಿಂದಲೇ ಬಡಿಸಬಹುದು. ಡೇಟಾ ಖರ್ಚಿಲ್ಲ, ಕಾಯುವುದಿಲ್ಲ. ರೇಷನ್ ಅಂಗಡಿಯಿಂದ ತಂದ ಅಕ್ಕಿಯನ್ನು ಮನೆಯ ಡಬ್ಬಿಯಲ್ಲಿ ಇಟ್ಟುಕೊಂಡಂತೆ. ಪ್ರತಿ ಊಟಕ್ಕೂ ಯಾರಾದರೂ ಅಂಗಡಿಗೆ ಓಡುತ್ತಾರೆಯೇ?

ಆದರೆ ಏನನ್ನು ಇಟ್ಟುಕೊಳ್ಳಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು ಎಂದು ಫೋನಿಗೆ ಹೇಳಬೇಕಾದದ್ದು ಜಾಲತಾಣ. ಚಿತ್ರ ಕಳಿಸುವಾಗಲೇ ಅದರ ಜೊತೆ ಒಂದು ಚೀಟಿ ಕಳಿಸುತ್ತದೆ. "ಒಂದು ವರ್ಷ ಇಟ್ಟುಕೋ" ಅನ್ನಬಹುದು. "ಇಟ್ಟುಕೋ, ಆದರೆ ಬಳಸುವ ಮುಂಚೆ ಒಮ್ಮೆ ನನ್ನನ್ನು ಕೇಳು" ಅನ್ನಬಹುದು. ಹಾಗೆ ಕೇಳಿದಾಗ ಚಿತ್ರ ಬದಲಾಗಿರದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರ ಕೊಡುತ್ತದೆ. "ಹಳೆಯದೇ ಇದೆ, ಅದನ್ನೇ ಹಾಕಿಕೋ" ಎಂದು ಅದರ ಅರ್ಥ. ಚಿತ್ರ ಮತ್ತೆ ಇಳಿಯುವುದಿಲ್ಲ. ಮೂರನೆಯ ಚೀಟಿಯೂ ಇದೆ: "ಇಟ್ಟುಕೊಳ್ಳಲೇಬೇಡ." ಬ್ಯಾಂಕಿನ ಖಾತೆಯ ವಿವರದಂಥ ಗುಟ್ಟಿನ ಪುಟಗಳಿಗೆ ಅದು ಬೇಕು. ನಗುವ ರೈತನ ಫೋಟೋಗೆ ಏನು ಗುಟ್ಟು?

ಎಷ್ಟೋ ಕಡೆ ಇದೇ ಮೂರನೆಯ ಚೀಟಿಯನ್ನು ಎಲ್ಲಕ್ಕೂ ಅಂಟಿಸಿಬಿಡುತ್ತಾರೆ. ಜಾಲತಾಣ ಕಟ್ಟುವಾಗ, ತಾವು ಬದಲಿಸಿದ್ದು ತಮಗೆ ಕೂಡಲೇ ಕಾಣಲಿ ಎಂದು ಹಾಕಿಕೊಂಡದ್ದು. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಮರೆತದ್ದು. ಗೋಡೆ ಕಟ್ಟಿದ ಮೇಲೂ ಸಾರುವೆ ಬಿಚ್ಚದೆ ಹೋದ ಗೌಂಡಿಯ ಹಾಗೆ.

ಇದಕ್ಕಿಂತ ಕೆಟ್ಟ ಇನ್ನೊಂದು ಚಾಳಿ ಇದೆ. ಚಿತ್ರದ ವಿಳಾಸದ ಕೊನೆಗೆ ಪ್ರತಿ ಸಲ ಹೊಸದೊಂದು ಬಾಲ ಅಂಟಿಸುವುದು. ಆ ಕ್ಷಣದ ಗಂಟೆ, ನಿಮಿಷ, ಸೆಕೆಂಡು, ಇಲ್ಲವೇ ಬಾಯಿಗೆ ಬಂದ ಒಂದು ಸಂಖ್ಯೆ. ಬಾಲ ಬದಲಾದರೆ ಫೋನಿಗೆ ಅದು ಬೇರೆಯೇ ಚಿತ್ರ. ಉಗ್ರಾಣದಲ್ಲಿ ಅದೇ ಫೋಟೋ ಹತ್ತು ಪ್ರತಿ ಬಿದ್ದಿರುತ್ತದೆ, ಹನ್ನೊಂದನೆಯದು ದಾರಿಯಲ್ಲಿರುತ್ತದೆ. ನಿಮ್ಮ ಡೇಟಾವೂ ಹೋಯಿತು, ಫೋನಿನ ಜಾಗವೂ ಹೋಯಿತು.

ಮತ್ತೊಂದು: ನೀವು ಒತ್ತದಿದ್ದರೂ, ನೋಡದಿದ್ದರೂ, ಮುಚ್ಚಿದ ಪೆಟ್ಟಿಗೆಗಳೊಳಗಿನ ಚಿತ್ರಗಳೆಲ್ಲ ಪುಟ ತೆರೆದ ಕೂಡಲೇ ಇಳಿಯುವುದು. ಚಿತ್ರವನ್ನು ಪರದೆಯಲ್ಲಿ ಮರೆಮಾಡಿದರೆ ಸಾಕು, ಅದು ಇಳಿಯುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ತಪ್ಪು. ಮರೆಮಾಡಿದ ಚಿತ್ರವೂ ಸಾಮಾನ್ಯವಾಗಿ ಇಳಿಯುತ್ತದೆ. ಬೇಕಾದಾಗ ಮಾತ್ರ ತರಿಸು ಎಂದು ಬರೆಯಲು ಒಂದು ಪದ ಸಾಕು. ಕ್ರೋಮ್‌ನಲ್ಲಿ ಆ ಸೌಲಭ್ಯ 2019ರಿಂದ ಇದೆ. ಆ ಒಂದು ಪದ ಬರೆಯುವುದಕ್ಕೂ ಬೇಸರ.

ಲೆಕ್ಕ ಹಾಕೋಣ ಬನ್ನಿ

"ಈಗ ಡೇಟಾ ಅಗ್ಗ, ಇದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ" ಎನ್ನುವವರಿದ್ದಾರೆ. ಅವರ ಮುಂದೆ ಒಂದು ಸಣ್ಣ ಲೆಕ್ಕ ಇಡುತ್ತೇನೆ.

ಹಲವು ಪ್ಯಾಕ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕೆಬಿ, ಅದೂ ಸಿಗ್ನಲ್ ಪೂರ್ತಿ ಇದ್ದರೆ. ಮಕ್ಕಳು ರೀಲ್ಸ್ ನೋಡಿ ಮುಗಿಸಿದ ಫೋನು ರಾತ್ರಿ ಕಾಕಾನ ಕೈಗೆ ಬರುವುದು ಈ ಸ್ಥಿತಿಯಲ್ಲೇ. ದರದ ಪಟ್ಟಿ ಬರೀ ಅಕ್ಷರ, ಅಂಕಿ. 50 ಕೆಬಿ ಇದ್ದರೂ ಆರೇಳು ಸೆಕೆಂಡಿನಲ್ಲಿ ಬರುತ್ತದೆ. ಕ್ಯಾಮೆರಾದಿಂದ ತೆಗೆದು ಹಾಗೇ ಏರಿಸಿದ ಫೋಟೋ 2 ಎಂಬಿ ಇದ್ದರೆ ನಾಲ್ಕು ನಿಮಿಷಕ್ಕೂ ಹೆಚ್ಚು. ಅದೇ ಫೋಟೋ ಮೂರು ಸಲ ಇಳಿದರೆ ಹನ್ನೆರಡು ನಿಮಿಷ. ಅಷ್ಟು ಹೊತ್ತು ಗಾಡಿಯವನು ಕಾಯುತ್ತಾನೆಯೇ?

ಅದೇ ಫೋಟೋವನ್ನು ಫೋನಿನ ಪರದೆಯ ಅಗಲಕ್ಕೆ ಕತ್ತರಿಸಿ ಕುಗ್ಗಿಸಿದ್ದರೆ 50, 60 ಕೆಬಿಗೆ ಮುಗಿಯುತ್ತಿತ್ತು. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಅಂಗೈ ಅಗಲದ ಪರದೆಗೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ಕಳಿಸಿದರೆ ಇನ್ನೇನಾಗುತ್ತದೆ?

ದರದ ಪುಟ ಒಂದೇ ಅಲ್ಲ. ನನ್ನ ಗೆಳತಿಯ ತಂಗಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು, ಕೊನೆಯ ದಿನ. ಓಟಿಪಿ ಹಾಕುವ ಪೆಟ್ಟಿಗೆ ತೆರೆಯಬೇಕು. ಎಸ್ಎಂಎಸ್ ಬಂತು, ಪೆಟ್ಟಿಗೆ ಬರಲಿಲ್ಲ. ಪೆಟ್ಟಿಗೆ ಬರುವ ಹೊತ್ತಿಗೆ ಓಟಿಪಿಯ ಅವಧಿ ಮುಗಿದಿತ್ತು. ಮತ್ತೆ ಕೇಳಿದಳು, ಮತ್ತೆ ಅದೇ. ಮೂರನೆಯ ಸಲ, "ನೀವು ಹೆಚ್ಚು ಬಾರಿ ಪ್ರಯತ್ನಿಸಿದ್ದೀರಿ, ನಾಳೆ ಬನ್ನಿ" ಎಂದಿತು ಆ ಜಾಲತಾಣ. ನಾಳೆ ಅರ್ಜಿಯೇ ಇರಲಿಲ್ಲ. ತನ್ನ ಪೆಟ್ಟಿಗೆ ನಿಧಾನವೆಂದು ಅದು ಒಪ್ಪಿಕೊಳ್ಳಲಿಲ್ಲ. ತಪ್ಪನ್ನು ಅವಳ ತಲೆಗೆ ಕಟ್ಟಿತು.

ಅಡ್ಡ ನಿಲ್ಲುವ ಚಾಳಿಯ ಹಿಂದಿನ ಕಥೆ

ಪಾಪ್‌ಅಪ್ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದ ಈಥನ್ ಝುಕರ್‌ಮನ್ ಪಾಪ್‌ಅಪ್ ಜಾಹೀರಾತಿನ ಮೊದಲ ಕೋಡ್ ಬರೆದವರಲ್ಲಿ ಒಬ್ಬರು. ಒಂದು ಕಾರು ಕಂಪನಿಯ ಜಾಹೀರಾತು ಆ ಕಂಪನಿಗೆ ಇಷ್ಟವಿಲ್ಲದ ವಿಷಯದ ಪುಟದಲ್ಲಿ ಬಂದು ರಂಪವಾಯಿತು. ಜಾಹೀರಾತನ್ನು ಪುಟದಿಂದ ಬೇರೆ ಕಿಟಕಿಗೆ ಹಾಕಿದರೆ ಈ ರಗಳೆ ಇರುವುದಿಲ್ಲ ಎಂದು ಹೊಳೆದದ್ದು ಆಗ. 2014ರಲ್ಲಿ ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಅದಕ್ಕೆ ಕ್ಷಮೆ ಕೇಳಿದರು. ಮಾಡಿದವರೇ ತಪ್ಪಾಯಿತು ಅಂದರೂ ಅನುಕರಿಸಿದವರು ಬಿಡಲಿಲ್ಲ.

ಬೇರೆ ಕಿಟಕಿಯಾಗಿ ತೆರೆಯುವ ಪಾಪ್‌ಅಪ್‌ಗಳನ್ನು ಬ್ರೌಸರ್‌ಗಳು ತಡೆಯಲು ಶುರು ಮಾಡಿದ ಮೇಲೆ ಈ ವ್ಯಾಪಾರ ಪುಟದ ಒಳಗೇ ಬಂದು ಕೂತಿತು. ಇದನ್ನು ನೆನಪಿಡಿ: ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪಾಪ್‌ಅಪ್ ತಡೆ ಹಾಕಿದರೂ ಪುಟದೊಳಗಿನ ಪೆಟ್ಟಿಗೆ ನಿಲ್ಲುವುದಿಲ್ಲ. ಆ ತಡೆ ಹೊಸ ಕಿಟಕಿಗೆ ಮಾತ್ರ. ಬೇಲಿ ಹಾಕಿದ್ದು ಹೊಲದ ಸುತ್ತ, ಹಂದಿ ಹೊಲದ ಒಳಗೇ ಮರಿ ಹಾಕಿದೆ.

ಫೋನಿನಲ್ಲಿ ಪುಟದ ವಿಷಯವನ್ನೇ ಮುಚ್ಚುವ ಪೆಟ್ಟಿಗೆ ಇದ್ದರೆ ಹುಡುಕಾಟದ ಪಟ್ಟಿಯಲ್ಲಿ ಆ ಪುಟ ಕೆಳಗಿಳಿಯಬಹುದು ಎಂದು ಗೂಗಲ್ 2016ರಲ್ಲಿ ಹೇಳಿತು, 2017ರ ಜನವರಿಯಿಂದ ಜಾರಿಗೂ ತಂದಿತು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಅದು ಪಟ್ಟಿ ಮಾಡಿದೆ. ಅದರಲ್ಲಿ ಒಂದರ ಹೆಸರು ನ್ಯಾಗಿಂಗ್, ನಮ್ಮ ಮಾತಿನಲ್ಲಿ ಪೀಡಿಸುವುದು. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದು, ನಮ್ಮ ಆ್ಯಪ್ ಹಾಕಿಕೊಳ್ಳಿ ಎಂದು ಮತ್ತೆ ಮತ್ತೆ ಕೇಳುವುದು. ಈ ಮಾರ್ಗಸೂಚಿ ಸರಕು, ಸೇವೆ ಒದಗಿಸುವ ತಾಣಗಳಿಗೆ ಅನ್ವಯ.

ಸರಕಾರಿ ಜಾಲತಾಣಗಳಿಗೂ ಕೇಂದ್ರದ ಮಾರ್ಗಸೂಚಿ 2009ರಿಂದ ಇದೆ. ಅದರ ಮೂರನೇ ಆವೃತ್ತಿ 2023ರಲ್ಲಿ ಬಂತು. ಕಾಗದದ ಮೇಲೆ ಎಲ್ಲವೂ ಇದೆ. ಕಾಕಾನ ಪರದೆಯ ಮೇಲೆ ಇಲ್ಲ.

ಅವರು ಹೇಳುವ ನೆಪಗಳು

ಮೊದಲ ನೆಪ: "ಜಾಹೀರಾತು ಇಲ್ಲದಿದ್ದರೆ ನಾವು ಬದುಕುವುದು ಹೇಗೆ?" ನ್ಯಾಯವಾದ ಪ್ರಶ್ನೆ. ಜಾಹೀರಾತು ಬೇಡ ಅಂದವರು ಯಾರು? ಸುದ್ದಿ ಬರೆಯುವವರ ಹೊಟ್ಟೆಯೂ ತುಂಬಬೇಕು, ನಮ್ಮದೂ ಅದೇ ಕಸುಬು. ಬರಹದ ನಡುವೆ ಹಾಕಿ, ಕೆಳಗೆ ಹಾಕಿ, ನೋಡುತ್ತೇವೆ. ಓದುಗನ ಕತ್ತು ಹಿಡಿದು ತೋರಿಸಬೇಡಿ. ಅದೂ ಅವನದೇ ಡೇಟಾ ಸುಟ್ಟು.

ಎರಡನೆಯ ನೆಪ: "ಚಿತ್ರ ಬದಲಿಸಿದಾಗ ಜನರಿಗೆ ಹೊಸದು ಕಾಣಬೇಕಲ್ಲ, ಅದಕ್ಕೇ ಪ್ರತಿ ಸಲ ಹೊಸದಾಗಿ ತರಿಸುತ್ತೇವೆ." ಇದಕ್ಕೆ ಬಹಳ ಹಳೆಯ ಪರಿಹಾರ ಇದೆ. ಚಿತ್ರ ಬದಲಾದ ದಿನ ಅದರ ಹೆಸರು ಬದಲಿಸಿ. ಬದಲಾಗದ ದಿನ ಹೆಸರು ಮುಟ್ಟಬೇಡಿ. ಎಮ್ಮೆ ಈದಾಗ ಗಿಣ್ಣ ಹಂಚುತ್ತಾರೆ, ದಿನಾ ಹಂಚುವುದಿಲ್ಲ.

ಮೂರನೆಯ ನೆಪ: "ನಮ್ಮಲ್ಲಿ ಪರೀಕ್ಷೆ ಮಾಡಿದಾಗ ಸರಿಯಾಗಿಯೇ ಇತ್ತು." ಹೌದು, ನಿಮ್ಮಲ್ಲಿ ಇತ್ತು. ದೊಡ್ಡ ಮಾನಿಟರ್, ಕಚೇರಿಯ ಫೈಬರ್ ಲೈನ್. ನೀವು ಕೆಲಸ ಮಾಡುವ ಕ್ರೋಮ್‌ನಲ್ಲೇ ನಿಧಾನ ನೆಟ್‌ವರ್ಕ್‌ನಂತೆ, ದುರ್ಬಲ ಫೋನಿನಂತೆ ನಟಿಸುವ ಗುಂಡಿ ಇದೆ. ಅದನ್ನು ಒತ್ತಿ ನೋಡಿ. ಇಲ್ಲವೇ ಒಂದು ದಿನ ನಮ್ಮ ಊರಿಗೆ ಬನ್ನಿ. ಕಾಕಾನ ಫೋನ್ ಕೊಡುತ್ತೇವೆ, ಜೊತೆಗೆ ರೊಟ್ಟಿ ಊಟ.

ನಾಲ್ಕನೆಯ ನೆಪ: "ಇದನ್ನೆಲ್ಲ ಸರಿಪಡಿಸಲು ಬಹಳ ಖರ್ಚು." ಇದು ಶುದ್ಧ ಸುಳ್ಳು. ಹೇಗೆ ಗೊತ್ತು ಎಂದರೆ, ನಾವೇ ಮಾಡಿ ನೋಡಿದೆವು.

ನಮ್ಮ ಮನೆಯ ದೋಸೆ

ಮೇಲಿನದನ್ನೆಲ್ಲ ನಾನು ಕಾಕಾಗೆ ಇಷ್ಟೇ ಆವೇಶದಿಂದ ಹೇಳಿದೆ. ಅವರು ಪೂರ್ತಿ ಕೇಳಿ, ಫೋನು ಕೈಗೆ ತೆಗೆದುಕೊಂಡು ನಮ್ಮ ಈ ಬ್ಲಾಗನ್ನೇ ತೆರೆದರು. ಪರದೆ ಮಬ್ಬಾಯಿತು. ಪೆಟ್ಟಿಗೆ ಎದ್ದಿತು. "ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ಸೇರಿ." ಹಿಂದೆ ನಮ್ಮ ತಂಡದವರೆಲ್ಲ ಕೆರೆ ಏರಿಯ ಮೇಲೆ ನಿಂತ ಫೋಟೋ, ಪಟ್ಟಿಪಟ್ಟಿಯಾಗಿ ಇಳಿಯುತ್ತ.

"ನಿಮ್ಮದೂ ಹಂಗ ಐತೆಲ್ಲೋ ತಮ್ಮಾ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲರ ಮನೆ ದೋಸೆಯೂ ತೂತು ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಊರಿನವರ ಪರವಾಗಿ ಬರೆಯುತ್ತೇವೆ ಎಂದು ಹೇಳಿಕೊಳ್ಳುವವರ ಕಾವಲಿಯಲ್ಲೇ ಇಷ್ಟು ತೂತಿದ್ದರೆ? ಆ ಸಂಜೆ ತಂಡದ ಇಬ್ಬರು ಕೂತೆವು. ಫೋಟೋ ಕ್ಯಾಮೆರಾದಿಂದ ಬಂದ ಹಾಗೇ ಇತ್ತು. ಕುಗ್ಗಿಸಿದೆವು. ನಾವು ಹಾಕಿಕೊಂಡಿದ್ದ ಒಂದು ಪ್ಲಗಿನ್ ಪ್ರತಿ ಚಿತ್ರಕ್ಕೂ ದಿನಾ ಹೊಸ ಬಾಲ ಅಂಟಿಸುತ್ತಿತ್ತು. ಕಿತ್ತೆವು. ಚಿತ್ರಗಳನ್ನು ವರ್ಷ ಇಟ್ಟುಕೋ ಎಂಬ ಚೀಟಿ ಹಚ್ಚಿದೆವು. ವಾಟ್ಸ್ಆ್ಯಪ್ ಪೆಟ್ಟಿಗೆಯನ್ನೇ ತೆಗೆದು, ಆ ಕೊಂಡಿಯನ್ನು ಲೇಖನದ ಕೊನೆಗೆ ಒಂದು ಸಾಲಾಗಿ ಇಟ್ಟೆವು. ನಾವು ಪತ್ರಿಕೋದ್ಯಮ ಓದಿದವರು, ಎಂಜಿನಿಯರುಗಳಲ್ಲ. ನಮಗೆ ಹಿಡಿದದ್ದು ಒಂದು ಸಂಜೆ, ಎರಡು ಲೋಟ ಚಹಾ.

ಹಣ, ಆಳು, ಕಂಪ್ಯೂಟರು ಎಲ್ಲ ಇರುವವರಿಗೆ ಎಷ್ಟು ಹೊತ್ತು ಬೇಕು?

ನೀವೇ ಪರೀಕ್ಷೆ ಮಾಡಿ

ತಪ್ಪು ನೆಟ್‌ವರ್ಕಿನದೋ ಜಾಲತಾಣದ್ದೋ ತಿಳಿಯಲು ದಾರಿ ಇದೆ. ಸಿಗ್ನಲ್ ಚೆನ್ನಾಗಿರುವ ಕಡೆ ನಿಂತು ಆ ಪುಟ ತೆರೆಯಿರಿ. ಪೆಟ್ಟಿಗೆ ಬಂದರೆ ಮುಚ್ಚಿ, ಮತ್ತೆ ತೆರೆಯಿರಿ. ಎರಡನೆಯ ಸಲವೂ ಮೊದಲಿನಷ್ಟೇ ಕಾಯಿಸಿದರೆ ಅನುಮಾನ ಪಡಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಕ್ರೋಮ್ ಎಷ್ಟು ಮೊಬೈಲ್ ಡೇಟಾ ಬಳಸಿದೆ ಎಂದು ಬರೆದಿಟ್ಟುಕೊಳ್ಳಿ. ಬೇರೇನೂ ತೆರೆಯದೆ ಅದೇ ಪುಟವನ್ನು ಐದು ಸಲ ತೆರೆದು ಮತ್ತೆ ನೋಡಿ. ಪ್ರತಿ ಸಲವೂ ಎಂಬಿಗಟ್ಟಲೆ ಏರಿದ್ದರೆ ತಂದದ್ದನ್ನೇ ಮತ್ತೆ ತರಿಸುತ್ತಿದ್ದಾರೆ.

ನ್ಯಾಯಕ್ಕೆ ಇದನ್ನೂ ಹೇಳಬೇಕು. ಎಲ್ಲ ತಪ್ಪೂ ಅವರದಲ್ಲ. ಫೋನ್ ಕ್ಲೀನರ್ ಎಂಬ ಆ್ಯಪ್‌ಗಳನ್ನು ಹಾಕಿಕೊಂಡು ದಿನಾ ಗುಡಿಸುತ್ತಿದ್ದರೆ ಉಗ್ರಾಣವೂ ಖಾಲಿಯಾಗಬಹುದು. ಆಗ ಚಿತ್ರಗಳೆಲ್ಲ ಮತ್ತೆ ಇಳಿಯುತ್ತವೆ. ಅಂಥ ಆ್ಯಪ್ ಇದ್ದರೆ ತೆಗೆದುಹಾಕಿ. ರ‍್ಯಾಮ್ ಕಡಿಮೆ ಇದ್ದಾಗ ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ, ಹಳೆಯ ಟ್ಯಾಬ್‌ಗೆ ವಾಪಸ್ ಹೋದಾಗ ಇಡೀ ಪುಟ ಹೊಸದಾಗಿ ಇಳಿಯಬಹುದು. ಬೇಡದ ಟ್ಯಾಬ್ ಮುಚ್ಚಿ. ಕ್ರೋಮ್‌ನಲ್ಲಿ ಮುಂಚೆ ಡೇಟಾ ಉಳಿಸುವ ಲೈಟ್ ಮೋಡ್ ಇತ್ತು, 2022ರಲ್ಲಿ ಅದನ್ನು ನಿಲ್ಲಿಸಿದರು. ಯಾರಾದರೂ ಅದನ್ನು ಆನ್ ಮಾಡಿ ಎಂದರೆ ಹುಡುಕಿ ಸಮಯ ಕಳೆಯಬೇಡಿ.

ಇಷ್ಟು ಮಾಡಿದ ಮೇಲೂ ಅದೇ ಕಥೆ ಆದರೆ ನೀವು ಸುಮ್ಮನಿರಬೇಕಿಲ್ಲ. ಪುಟದ ಕೆಳಗೆ ಸಂಪರ್ಕದ ವಿಳಾಸ ಇರುತ್ತದೆ. ಕನ್ನಡದಲ್ಲೇ ಮೂರು ಸಾಲು ಬರೆಯಿರಿ: ಯಾವ ಪುಟ, ಎಷ್ಟು ಹೊತ್ತು ಕಾದೆ, ಎಷ್ಟು ಎಂಬಿ ಹೋಯಿತು. ಸರಕು, ಸೇವೆ ಮಾರುವ ತಾಣ ಆ್ಯಪ್‌ಗಾಗಿ ಪೀಡಿಸುತ್ತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಒಬ್ಬರು ಬರೆದರೆ ಕಸದ ಬುಟ್ಟಿಗೆ ಹೋದೀತು. ಒಂದೇ ಊರಿನಿಂದ ನಲವತ್ತು ಜನ ಬರೆದರೆ ಯಾರಾದರೂ ಕೂತು ಓದಲೇಬೇಕು.

ನಮ್ಮ ಬೇಡಿಕೆ ಇಷ್ಟೇ

ಜಾಲತಾಣ ಮಾಡುವವರೇ, ಪತ್ರಿಕೆ ನಡೆಸುವವರೇ, ಇಲಾಖೆಯಲ್ಲಿ ಟೆಂಡರ್ ಬರೆಯುವವರೇ, ಕೇಳಿ.

ಓದಲು ಬಂದವನು ಒಂದು ಸಾಲಾದರೂ ಓದುವ ಮುಂಚೆ ಅಡ್ಡ ನಿಲ್ಲಬೇಡಿ. ಒಮ್ಮೆ ಬೇಡ ಅಂದವನನ್ನು ಮತ್ತೆ ಕೇಳಬೇಡಿ. ಪೆಟ್ಟಿಗೆ ಬೇಕೇ ಬೇಕಾದರೆ ಇಂಟು ಮಾರ್ಕ್ ಮೊದಲು ಬರಲಿ, ಚಿತ್ರ ಆಮೇಲೆ ಬರಲಿ. ಆ ಗುರುತು ನೇಗಿಲು ಹಿಡಿದ ಬೆರಳಿಗೂ ಸಿಗುವಷ್ಟು ದೊಡ್ಡದಿರಲಿ. ಫೋನಿನ ಬ್ಯಾಕ್ ಗುಂಡಿ ಒತ್ತಿದರೆ ಪೆಟ್ಟಿಗೆ ಮುಚ್ಚಲಿ, ಪುಟದಿಂದಲೇ ಹೊರಗೆ ತಳ್ಳಬೇಡಿ. ಪೆಟ್ಟಿಗೆ ತೆರೆಯಲು ದೊಡ್ಡ ದೊಡ್ಡ ಗಂಟುಗಳನ್ನು ಇಳಿಸಬೇಡಿ. 2022ರಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಡಯಲಾಗ್ ಎಂಬ ಸಿದ್ಧ ಪೆಟ್ಟಿಗೆ ಇದೆ, ಅದನ್ನು ಬಳಸಿ. ಚಿತ್ರ ಕುಗ್ಗಿಸಿ. ಇಟ್ಟುಕೋ ಎಂಬ ಚೀಟಿ ಹಚ್ಚಿ. ಬದಲಾಗದ ಚಿತ್ರಕ್ಕೆ ಬಾಲ ಅಂಟಿಸಬೇಡಿ. ಓಟಿಪಿ ಕೇಳುವವರು ಪೆಟ್ಟಿಗೆ ತೆರೆದ ಮೇಲೆಯೇ ಓಟಿಪಿ ಕಳಿಸಿ.

ಇಲಾಖೆಯವರಿಗೆ ಇನ್ನೊಂದು ಮಾತು. ಜಾಲತಾಣ ಮಾಡಿಸಿ ಬಿಲ್ ಪಾಸ್ ಮಾಡುವ ಮುಂಚೆ ಅದನ್ನು ಅಗ್ಗದ ಫೋನಿನಲ್ಲಿ, ಹಳ್ಳಿಯ ಸಿಗ್ನಲ್‌ನಲ್ಲಿ ತೆರೆದು ನೋಡುವ ಷರತ್ತು ಹಾಕಿ. ರಸ್ತೆ ಮಾಡಿದವನ ಬಿಲ್ಲಿಗೆ ಸಹಿ ಹಾಕುವ ಮುನ್ನ ರಸ್ತೆಯ ಮೇಲೆ ನಡೆದು ನೋಡುವುದಿಲ್ಲವೇ? ಇದೂ ರಸ್ತೆಯೇ.

ಮುಂದಿನ ಸುಗ್ಗಿಗೆ ಕಾಕಾ ಮತ್ತೆ ಚೀಲ ಹೊಲಿಯುತ್ತಾರೆ, ಮತ್ತೆ ರಾತ್ರಿ ಕಟ್ಟೆಯ ಮೇಲೆ ಕೂತು ದರ ಹುಡುಕುತ್ತಾರೆ. ಆಗಲೂ ಪೆಟ್ಟಿಗೆ ಎದ್ದು ಚಕ್ರ ತಿರುಗಿದರೆ ಅವರು ನೆಟ್‌ವರ್ಕಿಗೆ ಬೈಯುವುದಿಲ್ಲ, ತಮ್ಮ ಫೋನಿಗೂ ಬೈಯುವುದಿಲ್ಲ. ಯಾರಿಗೆ ಬರೆಯಬೇಕೆಂದು ಈಗ ಅವರಿಗೆ ಗೊತ್ತಿದೆ. ಈಗ ನಿಮಗೂ ಗೊತ್ತಾಯಿತು. ಬರೆಯಿರಿ.